ಕ್ಷೌರದ ಕತ್ತಿಯ ಬೆನ್ನು ಮತ್ತು ಬಾಯಿ

ನನ್ನ ಕೈಯಲ್ಲಿರುವ ಈ ಕತ್ತಿಯನ್ನು ತೆರೆದ ಕೂಡಲೇ ನಿಮ್ಮೆಲ್ಲರ ಕಣ್ಣು ಅದರ ಬಾಯಿಯ ಮೇಲೆ ಹೋಯಿತು. ಅದು ಸಹಜ, ಕೊಯ್ಯುವುದು ಬಾಯಿಯೇ. ಆದರೆ ನಾನು ಹೆಚ್ಚು ಮಾತಾಡಬೇಕೆಂದಿರುವುದು ಅದರ ಬೆನ್ನಿನ ಕುರಿತು. ಕಲ್ಲಿನ ಮೇಲೆ ಮಸೆಯುವಾಗ ಕೋನವನ್ನು ನಿರ್ಧರಿಸುವುದು ಬೆನ್ನು, ತೊಗಲು ಪಟ್ಟಿಯ ಮೇಲೆ ಎಳೆಯುವಾಗ ಬಾಯಿಯನ್ನು ಕಾಯುವುದು ಬೆನ್ನು, ಕೆನ್ನೆಯ ಮೇಲೆ ಕತ್ತಿ ಎಷ್ಟು ವಾಲಿರಬೇಕೆಂಬುದಕ್ಕೆ ಅಳತೆಯಾಗುವುದೂ ಬೆನ್ನೇ. ಕತ್ತಿ ಕೊಂಡು ನಾಲ್ಕು ದಿನ ಗಡ್ಡ ಹೆರೆದು, ಇದು ನಮ್ಮಿಂದಾಗದು ಎಂದು ಪೆಟ್ಟಿಗೆಗೆ ಸೇರಿಸುವವರಲ್ಲಿ ಬಹುಪಾಲು ಜನ ಬಾಯಿಯನ್ನಷ್ಟೇ ನೋಡಿ ಬೆನ್ನನ್ನು ಮರೆತವರೆಂಬುದು ನನ್ನ ಅಭಿಪ್ರಾಯ.

ಭಾಗಗಳು ಹೆಚ್ಚಿಲ್ಲ. ಇದು ಅಲಗು, ಅಲಗಿನ ದಪ್ಪ ಅಂಚು ಬೆನ್ನು, ತೆಳು ಅಂಚು ಬಾಯಿ. ಅಲಗು ಮುಗಿದಲ್ಲಿ ಕುತ್ತಿಗೆಯಂತೆ ಮುಂದುವರಿದು ಕೊನೆಯಲ್ಲಿ ಮೇಲಕ್ಕೆ ಬಾಗಿರುವುದು ಬಾಲ. ಎರಡು ಹೋಳುಗಳ ನಡುವೆ ಅಲಗು ಮಡಚಿ ಕೂರುತ್ತದಲ್ಲ, ಅದು ಹಿಡಿ. ಅದನ್ನು ಹಿಡಿ ಎಂದು ಕರೆದರೂ ಕ್ಷೌರ ಮಾಡುವಾಗ ನಾವು ಅದನ್ನು ಹಿಡಿಯುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಅದು ಅಲಗಿನ ಮನೆಯಷ್ಟೆ.

ಈಗ ಸ್ವಲ್ಪ ಲೆಕ್ಕ. ಈ ಕತ್ತಿಯ ಬೆನ್ನಿನ ದಪ್ಪ ಸುಮಾರು 5 ಮಿಲಿಮೀಟರ್, ಬೆನ್ನಿನಿಂದ ಬಾಯಿಯವರೆಗಿನ ಅಗಲ ಸುಮಾರು 17 ಮಿಲಿಮೀಟರ್. ಇದನ್ನು ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲನ್ನು ಮುಟ್ಟುತ್ತವೆ. ನಡುವಿನ ಭಾಗ ಒಳಕ್ಕೆ ಕುಳಿಯಾಗಿರುವುದರಿಂದ ಮುಟ್ಟುವುದಿಲ್ಲ. ಎರಡೂ ಮಗ್ಗುಲು ಹೀಗೆ ಮಸೆದಾಗ ಬಾಯಿಯಲ್ಲಿ ಏರ್ಪಡುವ ಒಟ್ಟು ಕೋನ ಸುಮಾರು 17 ಡಿಗ್ರಿ. ಅಡುಗೆಮನೆಯ ಚಾಕುವಿನಲ್ಲಿ ಇದು 30ರಿಂದ 40 ಡಿಗ್ರಿಯವರೆಗೆ ಇರುತ್ತದೆ. ಚಾಕು ಮಸೆಯುವವನು ಕೋನವನ್ನು ಕೈಯ ಅಂದಾಜಿನಲ್ಲಿ ಹಿಡಿದಿಡಬೇಕು, ಕೈ ನಡುಗಿದರೆ ಕೋನವೂ ನಡುಗುತ್ತದೆ. ಕ್ಷೌರದ ಕತ್ತಿಗೆ ಆ ಪ್ರಶ್ನೆಯೇ ಇಲ್ಲ. ಕತ್ತಿಯನ್ನು ಅರೆದ ಕಸುಬುದಾರ ಕೋನವನ್ನು ಬೆನ್ನಿನ ದಪ್ಪದೊಳಗೇ ಇಟ್ಟು ಕಳುಹಿಸಿದ್ದಾನೆ. ಇನ್ನೂ ಸೊಗಸಾದ ಸಂಗತಿಯೆಂದರೆ, ವರ್ಷಗಟ್ಟಲೆ ಮಸೆದು ಬಾಯಿ ಸವೆದಂತೆ ಬೆನ್ನೂ ಜೊತೆಯಲ್ಲೇ ಸವೆಯುವುದರಿಂದ ಕೋನ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಬೆನ್ನಿಗೆ ಕೆತ್ತನೆ ಇರುವ, ಚಿನ್ನದ ನೀರು ಹಾಯಿಸಿದ ಕತ್ತಿಗಳ ಒಡೆಯರು ಸವೆತಕ್ಕೆ ಹೆದರಿ ಬೆನ್ನಿಗೆ ವಿದ್ಯುತ್ ಕೆಲಸದ ಟೇಪನ್ನು ಸುತ್ತಿ ಮಸೆಯುತ್ತಾರೆ. ಅದು ತಪ್ಪಲ್ಲ, ಒಂದು ಸುತ್ತು ಟೇಪಿಗೆ ಕೋನ ಸುಮಾರು ಒಂದು ಡಿಗ್ರಿ ಏರುತ್ತದೆ, ಅಷ್ಟೆ. ಆದರೆ ಒಮ್ಮೆ ಟೇಪು ಹಾಕಿ ಮಸೆದ ಕತ್ತಿಗೆ ಮುಂದಿನ ಸಲವೂ ಟೇಪು ಹಾಕಲೇಬೇಕು. ಇಲ್ಲವಾದರೆ ಕಲ್ಲು ಬಾಯಿಯ ತುದಿಯನ್ನು ಮುಟ್ಟದೆ ಅದರ ಹಿಂದಿನ ಭಾಗವನ್ನೇ ಉಜ್ಜುತ್ತಿರುತ್ತದೆ, ನೀವು ಸಂಜೆಯವರೆಗೆ ಮಸೆದರೂ ಕತ್ತಿ ಮೊಂಡಾಗಿಯೇ ಉಳಿಯುತ್ತದೆ.

ಇಷ್ಟು ಕಿರಿದಾದ ಕೋನದಲ್ಲಿ ನಿಲ್ಲಬಲ್ಲ ಲೋಹ ಯಾವುದು ಎಂಬುದು ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಶೇಕಡ 1ರಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಇಂಗಾಲವಿರುವ ಉಕ್ಕನ್ನು ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹಿತವಾಗಿ ಕಾಯಿಸಿ ಹದಕ್ಕೆ ತರುತ್ತಾರೆ. ರಾಕ್‌ವೆಲ್ ಅಳತೆಯಲ್ಲಿ ಅದರ ಗಡಸುತನ 60ರ ಆಸುಪಾಸಿನಲ್ಲಿರುತ್ತದೆ. 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಸೀಮೆಯಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ ತನ್ನ ಸ್ಪ್ರಿಂಗುಗಳಿಗೆ ಒಳ್ಳೆಯ ಉಕ್ಕು ಬೇಕೆಂದು ಹುಡುಕಾಡಿ, ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸುವ ವಿಧಾನವನ್ನು ರೂಢಿಗೆ ತಂದ. ಕರಗಿದ ಉಕ್ಕಿನಲ್ಲಿ ಕಿಟ್ಟ ಬೇರೆಯಾಗುತ್ತದೆ, ಇಂಗಾಲ ಎಲ್ಲೆಡೆ ಸಮನಾಗಿ ಹರಡುತ್ತದೆ. ಕೂದಲನ್ನು ಕೊಯ್ಯುವ ಬಾಯಿಗೆ ಬೇಕಾದುದು ಇದೇ. ಶೆಫೀಲ್ಡಿನ ಹಳೆಯ ಕತ್ತಿಗಳು ದಪ್ಪ, ಭಾರ. ಮುಂದೆ ಜರ್ಮನಿಯ ಜೋಲಿಂಗೆನ್ ಊರಿನ ಅರೆಯುವವರು ಅಲಗಿನ ಎರಡೂ ಮಗ್ಗುಲನ್ನು ಸಣ್ಣ ಚಕ್ರಗಳ ಮೇಲೆ ಕುಳಿಯಾಗಿ ಅರೆದು, ಬಾಯಿಯ ಹತ್ತಿರ ಕಾಗದದಷ್ಟು ತೆಳ್ಳಗೆ ಮಾಡುವ ಕಲೆಯಲ್ಲಿ ಹೆಸರಾದರು. ಪೂರ್ತಿ ಕುಳಿ ಅರೆದ ಅಲಗಿನ ಬಾಯಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಒತ್ತಿದರೆ ಅದು ಬಾಗುವುದು ಬರಿಗಣ್ಣಿಗೆ ಕಾಣುತ್ತದೆ, ಗಡ್ಡದ ಮೇಲೆ ಓಡುವಾಗ ಅದು ಸಣ್ಣಗೆ ಸದ್ದು ಮಾಡುತ್ತದೆ. ಆ ಊರಿನ ಹೆಸರನ್ನು ಬೇರೆಡೆಯ ಸರಕಿನ ಮೇಲೆ ಒತ್ತಬಾರದೆಂದು 1938ರಲ್ಲಿ ಜರ್ಮನಿ ಕಾನೂನನ್ನೇ ಮಾಡಿತು. ಹೊಸಬರು ಯಾವುದನ್ನು ಆರಿಸಬೇಕೆಂದು ಕೇಳಿದರೆ, ತೀರ ತೆಳುವೂ ಅಲ್ಲದ ತೀರ ದಪ್ಪವೂ ಅಲ್ಲದ, ಅರೆಗುಳಿಯ ಅಲಗನ್ನು ತೆಗೆದುಕೊಳ್ಳಿ ಎನ್ನುತ್ತೇನೆ.

ಉಕ್ಕಿನ ಮಾತು ಬಂದಾಗ ನಮ್ಮ ನೆಲದ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ಹಂಟ್ಸ್‌ಮನ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ತಯಾರಾಗುತ್ತಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ವೂಟ್ಸ್ ಎಂಬ ಹೆಸರಿನಲ್ಲಿ ಅದರ ಗಟ್ಟಿಗಳು ಲಂಡನ್ನಿಗೆ ಹೋದವು. 1795ರಲ್ಲಿ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಅದರ ಮೇಲಿನ ಪ್ರಯೋಗಗಳನ್ನು ಮಂಡಿಸಿದ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಯುರೋಪಿನ ಉಕ್ಕಿಗಿಂತ ಇದೇ ಮೇಲೆಂದು ತನ್ನ ವ್ಯಾಪಾರದ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಅದೇ ಸ್ಟೋಡಾರ್ಟ್, ಆಗಿನ್ನೂ ತರುಣನಾಗಿದ್ದ ಮೈಕೆಲ್ ಫ್ಯಾರಡೆಯ ಜೊತೆ ಸೇರಿ 1819ರಿಂದ ಕೆಲವು ವರ್ಷ ವೂಟ್ಸನ್ನು ಹೋಲುವ ಮಿಶ್ರ ಉಕ್ಕುಗಳನ್ನು ತಯಾರಿಸಲು ಯತ್ನಿಸಿದ. ಆ ಉಕ್ಕಿನಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆಯಾಗಿ ಕೊಡುತ್ತಿದ್ದ. ವಿದ್ಯುತ್ತಿನ ಫ್ಯಾರಡೆಯನ್ನು ಶಾಲೆಯಲ್ಲಿ ಓದಿದ ನಮಗೆ ಕತ್ತಿಯ ಫ್ಯಾರಡೆಯ ಪರಿಚಯ ಆಗಲೇ ಇಲ್ಲ. ಇರಲಿ, ಕಲ್ಲಿಗೆ ಮರಳೋಣ.

ಮಸೆಯುವುದು ಮತ್ತು ಪಟ್ಟಿಗೆ ಎಳೆಯುವುದು ಎರಡು ಬೇರೆ ಕೆಲಸಗಳು. ಕಲ್ಲು ಉಕ್ಕನ್ನು ತೆಗೆದು ಹೊಸ ಬಾಯಿಯನ್ನು ಮಾಡುತ್ತದೆ. ಪಟ್ಟಿ ಇದ್ದ ಬಾಯಿಯನ್ನು ನೇರವಾಗಿಸಿ ನಯಗೊಳಿಸುತ್ತದೆ. ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ ಸಾಕು, ಪಟ್ಟಿಯ ಕೆಲಸ ಪ್ರತಿ ಕ್ಷೌರಕ್ಕೂ ಬೇಕು. ಬಾಯಿ ಮುಕ್ಕಾಗಿದ್ದರೆ ಅಥವಾ ಪೂರ್ತಿ ಮೊಂಡಾಗಿದ್ದರೆ 1000 ಗ್ರಿಟ್‌ನ ಕಲ್ಲಿನಿಂದ ಆರಂಭಿಸಬೇಕು (ಗ್ರಿಟ್ ಸಂಖ್ಯೆ ಏರಿದಂತೆ ಕಲ್ಲು ನುಣುಪು). ಎರಡೂ ಮಗ್ಗುಲಿನ ಮಸೆದ ಮೇಲ್ಮೈಗಳು ಬಾಯಿಯ ಉದ್ದಕ್ಕೂ ಒಂದೇ ಗೆರೆಯಲ್ಲಿ ಕೂಡುವವರೆಗೆ ಈ ಕಲ್ಲನ್ನು ಬಿಡಬಾರದು. ಇದಾದ ಮೇಲೆ 3000 ಅಥವಾ 5000, ನಂತರ 8000, ಕೊನೆಗೆ 12000. ಒಂದೊಂದು ಕಲ್ಲಿನ ಕೆಲಸವೂ ಹಿಂದಿನ ಕಲ್ಲು ಬಿಟ್ಟ ಗೀರುಗಳನ್ನು ಅಳಿಸುವುದು. ಅವಸರದವರು ಮೊದಲ ಕಲ್ಲಿನಲ್ಲಿ ಅರ್ಧ ಕೆಲಸ ಮಾಡಿ 12000ದ ಕಲ್ಲಿನಲ್ಲಿ ಪವಾಡ ಆಗಲೆಂದು ಕಾಯುತ್ತಾರೆ. ಅಲ್ಲಿ ಆಗುವುದು ಹೊಳಪು ಮಾತ್ರ.

ಕಲ್ಲು ಕನ್ನಡಿಯಷ್ಟು ಸಮತಟ್ಟಾಗಿರಬೇಕು. ಬಳಸಿದ ಕಲ್ಲು ನಡುವೆ ತಗ್ಗಾಗುತ್ತದೆ. ಪೆನ್ಸಿಲಿನಿಂದ ಅದರ ಮೇಲೆ ಅಡ್ಡಗೆರೆಗಳನ್ನು ಎಳೆದು, ದಪ್ಪ ಗಾಜಿಗೆ ಅಂಟಿಸಿದ, ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರಿನ ಮೇಲೆ ಉಜ್ಜಿ, ಗೆರೆಗಳೆಲ್ಲ ಒಟ್ಟಿಗೆ ಅಳಿಸಿದಾಗ ಕಲ್ಲು ಸಮವಾಯಿತೆಂದು ತಿಳಿಯಿರಿ. ಕಲ್ಲಿನ ಮೇಲೆ ನೀರು ಹಾಕಿ, ಕತ್ತಿಯನ್ನು ಬೆನ್ನುಸಹಿತ ಮಲಗಿಸಿ, ಬಾಯಿ ಮುಂದಾಗಿ, ತೆಳು ಪದರವನ್ನು ಹೆರೆಯುತ್ತಿರುವಂತೆ ತಳ್ಳಬೇಕು. ತುದಿ ತಲುಪಿದಾಗ ಬೆನ್ನಿನ ಮೇಲೆ ಹೊರಳಿಸಿ ಮತ್ತೊಂದು ಮಗ್ಗುಲನ್ನು ಎಳೆದು ತರಬೇಕು. ಒತ್ತಡ ಕತ್ತಿಯ ತೂಕದಷ್ಟೇ ಇರಲಿ. ಒತ್ತಿ ಹಿಡಿದರೆ ತೆಳು ಅಲಗು ಬಾಗಿ, ಕಲ್ಲು ಬಾಯಿಯ ಬದಲು ಅದರ ಹಿಂಭಾಗವನ್ನು ತಿನ್ನುತ್ತದೆ. ಹರಿತವಾಗುತ್ತಿದೆಯೇ ಎಂದು ತಿಳಿಯಲು ಒಂದು ಸೂಚನೆಯಿದೆ: ನುಣುಪು ಕಲ್ಲಿನ ಮೇಲೆ ಬಾಯಿ ಸಾಗುವಾಗ ಅದರ ಮುಂದಿರುವ ನೀರು ಅಲೆಯಾಗಿ ಅಲಗಿನ ಮೇಲೆ ಏರಿ ಬರುತ್ತದೆ. ಯಾವ ಜಾಗದಲ್ಲಿ ನೀರು ಏರದೆ ಕೆಳಗೆ ನುಸುಳುತ್ತದೆಯೋ ಅಲ್ಲಿ ಬಾಯಿ ಇನ್ನೂ ಕಲ್ಲನ್ನು ಮುಟ್ಟಿಲ್ಲ.

ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳಲ್ಲಿ ಸಿಗುವ ಹಳದಿ ಕೋಟಿಕ್ಯೂಲ್ ಕಲ್ಲಿನ ಬಗ್ಗೆ ಕೇಳಿರಬಹುದು. ಅದರಲ್ಲಿ ಗಾರ್ನೆಟ್ ಖನಿಜದ ಅತಿ ಸಣ್ಣ ಹರಳುಗಳಿವೆ. ಕಲ್ಲಿನ ಮೇಲೆ ಅದೇ ಜಾತಿಯ ತುಂಡು ಉಜ್ಜಿ ಹಾಲಿನಂಥ ಕೆಸರು ಎಬ್ಬಿಸಿದರೆ ಬೇಗ ಮಸೆಯುತ್ತದೆ, ಬರೀ ನೀರಿನಲ್ಲಿ ನಿಧಾನವಾಗಿ ನಯ ಕೊಡುತ್ತದೆ. ಹೀಗಾಗಿ ಒಂದೇ ಕಲ್ಲಿನಲ್ಲಿ ಇಡೀ ಕೆಲಸ ಮುಗಿಸುವವರಿದ್ದಾರೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೊಸಬರಿಗೆ ಕೃತಕ ಕಲ್ಲುಗಳೇ ಸಾಕು, ಮತ್ತು ಮೊದಲ ಕತ್ತಿಯನ್ನು ತಿಳಿದವರಿಂದ ಮಸೆಸಿ ತರುವುದು ಇನ್ನೂ ಒಳ್ಳೆಯದು. ಚೆನ್ನಾಗಿ ಮಸೆದ ಬಾಯಿ ಹೇಗಿರುತ್ತದೆಂದು ಚರ್ಮಕ್ಕೆ ಒಮ್ಮೆ ತಿಳಿದರೆ, ಮುಂದೆ ನಿಮ್ಮ ಕೈಯ ಮಸೆತವನ್ನು ಅಳೆಯಲು ನಿಮ್ಮ ಬಳಿ ಒಂದು ಮಾಪನ ಇರುತ್ತದೆ.

ಇನ್ನು ಪಟ್ಟಿ. ಒಂದು ಬದಿ ದಪ್ಪ ಹತ್ತಿ ಬಟ್ಟೆ, ಇನ್ನೊಂದು ಬದಿ ತೊಗಲು. ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಬೇಕು. ಪಟ್ಟಿ ಜೋತುಬಿದ್ದರೆ ಬಾಯಿ ಗುಂಡಗಾಗುತ್ತದೆ. ಮೊದಲು ಬಟ್ಟೆಯ ಮೇಲೆ 20–30 ಬಾರಿ, ನಂತರ ತೊಗಲಿನ ಮೇಲೆ 50–60 ಬಾರಿ. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ. ಈ ಒಂದು ಮಾತನ್ನು ಬರೆದುಕೊಳ್ಳಿ. ತುದಿಯಲ್ಲಿ ತಿರುಗಿಸುವಾಗ ಬೆನ್ನು ಪಟ್ಟಿಯನ್ನು ಬಿಡದೆ ಅದರ ಮೇಲೆಯೇ ಹೊರಳಬೇಕು, ಬಾಯಿ ಗಾಳಿಯಲ್ಲಿ ಅರ್ಧ ಸುತ್ತು ಹಾಕಿ ಕೆಳಗಿಳಿಯಬೇಕು. ಬಾಯಿಯ ಮೇಲೆ ಹೊರಳಿಸಿದವರ ಪಟ್ಟಿಯ ತುದಿಗಳನ್ನು ನೋಡಿ, ಮೀನಿನ ಕಿವಿರಿನಂತೆ ಸೀಳುಗಳಿರುತ್ತವೆ. ವೇಗ ಮುಖ್ಯವಲ್ಲ. ಸಲೂನಿನಲ್ಲಿ ಕಂಡ ಪಟಪಟ ಸದ್ದನ್ನು ಮೊದಲ ದಿನವೇ ಎಬ್ಬಿಸಲು ಹೋಗಬೇಡಿ.

ಕೂದಲಿಗಿಂತ ಉಕ್ಕು ಎಷ್ಟೋ ಗಡಸು, ಹಾಗಿದ್ದರೂ ಬಾಯಿ ಯಾಕೆ ಕೆಡುತ್ತದೆ ಎಂದು ನೀವು ಕೇಳಬೇಕು. ಈ ಪ್ರಶ್ನೆಯನ್ನು ಅಮೆರಿಕದ ಎಂಐಟಿ ತಾಂತ್ರಿಕ ಸಂಸ್ಥೆಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೂದಲು ಕತ್ತರಿಸುತ್ತ ಪರಿಶೀಲಿಸಿ, 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ನೋಡಿದ್ದು ಬಿಸಾಡುವ ರೇಜರಿನ ಬ್ಲೇಡುಗಳನ್ನು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡಸು. ಆದರೂ ಕೂದಲು ಕೊಯ್ಯಿಸಿಕೊಳ್ಳುವಾಗ ಬಾಗಿ ಬಾಯಿಯನ್ನು ಪಕ್ಕಕ್ಕೆ ಜಗ್ಗುತ್ತದೆ, ಉಕ್ಕಿನ ಸೂಕ್ಷ್ಮ ರಚನೆ ಒಂದೇ ಸಮ ಇಲ್ಲದ ಜಾಗದಲ್ಲಿ ಕಣ್ಣಿಗೆ ಕಾಣದ ಚೂರು ಹಾರಿಹೋಗುತ್ತದೆ. ಸವೆತಕ್ಕಿಂತ ಈ ಮುಕ್ಕುಗಳೇ ಬಾಯಿಯನ್ನು ಹೆಚ್ಚು ಕೆಡಿಸುತ್ತವೆ. ನಮ್ಮ ಕತ್ತಿಯ ಉಕ್ಕು ಬೇರೆ, ಕೋನ ಬೇರೆ. ಆದರೆ ಬಾಗುವ ಕೂದಲು ಅದೇ. ಆದ್ದರಿಂದ ಕೂದಲನ್ನು ನೆನೆಸುವುದು ಮುಖದ ಹಿತಕ್ಕೆ ಮಾತ್ರವಲ್ಲ, ಕತ್ತಿಯ ಹಿತಕ್ಕೂ ಹೌದು. ಹಿಂದೆ ಸಿರಿವಂತರು ವಾರದ ದಿನಗಳ ಹೆಸರು ಕೆತ್ತಿದ ಏಳು ಕತ್ತಿಗಳ ಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರು. ಬಾಯಿಗೆ ವಿಶ್ರಾಂತಿ ಕೊಟ್ಟರೆ ತಾನಾಗಿ ನೇರವಾಗುತ್ತದೆಂಬ ನಂಬಿಕೆ ಅದರ ಹಿಂದಿತ್ತು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆರು ದಿನ ಒಣಗಲು ಸಿಕ್ಕ ಕತ್ತಿಗೆ ತುಕ್ಕು ಹಿಡಿಯದಿರುವುದೇ ಅದರ ನಿಜವಾದ ಲಾಭ.

ಕ್ಷೌರಕ್ಕೆ ಬರೋಣ. ಸ್ನಾನದ ನಂತರದ ಸಮಯ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿಡಿ. ನೊರೆಯನ್ನು ಕುಂಚದಿಂದ ನಿಧಾನವಾಗಿ ಕಟ್ಟಬೇಕು, ಅದರಲ್ಲಿ ಗುಳ್ಳೆಗಳು ಕಾಣಬಾರದು. ಕತ್ತಿಯನ್ನು ಹಿಡಿಯುವ ಬಗೆ ಹೀಗೆ: ಮೂರು ಬೆರಳು ಕತ್ತಿಯ ಕುತ್ತಿಗೆಯ ಬೆನ್ನಿನ ಮೇಲೆ, ಕಿರುಬೆರಳು ಬಾಲದ ಮೇಲೆ, ಹೆಬ್ಬೆರಳು ಕೆಳಗಿನಿಂದ ಕುತ್ತಿಗೆಯ ಮಗ್ಗುಲಿಗೆ; ಹಿಡಿ ಮೇಲಕ್ಕೆ ತೆರೆದು ನಿಂತಿರುತ್ತದೆ. ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ವಾಲಿರಬೇಕು. ಕನ್ನಡಿಯ ಮುಂದೆ ಡಿಗ್ರಿ ಅಳೆಯಲು ಯಾರಿಗೂ ಆಗದು. ಅಲ್ಲಿ ಮತ್ತೆ ಬೆನ್ನಿನ ಸಹಾಯ ಪಡೆಯಿರಿ. ಬೆನ್ನಿಗೂ ಕೆನ್ನೆಗೂ ನಡುವೆ ಬೆನ್ನಿನ ದಪ್ಪಕ್ಕಿಂತ ತುಸು ಹೆಚ್ಚು ಜಾಗ ಉಳಿದರೆ ಕೋನ ಸರಿಯಿದೆ. ಅದಕ್ಕಿಂತ ಮಲಗಿಸಿದರೆ ಕತ್ತಿ ಕೂದಲನ್ನು ಜಗ್ಗುತ್ತದೆ, ನಿಲ್ಲಿಸಿದರೆ ಚರ್ಮವನ್ನು ಕೆರೆಯುತ್ತದೆ.

ಬಲಗೈಗಿಂತ ಎಡಗೈಯ ಕೆಲಸ ದೊಡ್ಡದು. ಅದು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲ ಚರ್ಮ ಬಾಯಿಯ ಮುಂದೆ ಮಡಿಕೆಯಾಗಿ ಏಳುತ್ತದೆ, ಆ ಮಡಿಕೆಯೇ ಕೊಯ್ದುಹೋಗುವುದು. ಕಿವಿಯ ಪಕ್ಕದಿಂದ ಆರಂಭಿಸಿ, ಕೂದಲು ಮಲಗಿದ ದಿಕ್ಕಿನಲ್ಲೇ, ಒಂದೆರಡು ಬೆರಳಗಲದ ಸಣ್ಣ ಎಳೆತಗಳಲ್ಲಿ ಕೆಳಗಿಳಿಯಿರಿ. ಕುತ್ತಿಗೆಯಲ್ಲಿ ಕೂದಲು ಒಬ್ಬೊಬ್ಬರಿಗೆ ಒಂದೊಂದು ದಿಕ್ಕಿಗೆ ಬೆಳೆಯುವುದರಿಂದ ಹಿಂದಿನ ದಿನ ಬೆರಳಾಡಿಸಿ ನೋಡಿಕೊಂಡಿರುವುದು ಒಳ್ಳೆಯದು. ಮೇಲ್ದುಟಿಗೆ ಮೂಗಿನ ತುದಿಯನ್ನು ಮೇಲೆತ್ತಿ, ತುಟಿಯನ್ನು ಹಲ್ಲಿನ ಮೇಲೆ ಎಳೆದು ಹಿಡಿದು, ಮಧ್ಯದ ತಗ್ಗಿನಲ್ಲಿ ಅಲಗಿನ ಮೂತಿಯನ್ನಷ್ಟೇ ಬಳಸಬೇಕು. ಗದ್ದವನ್ನು ಮೊದಲ ವಾರಗಳಲ್ಲಿ ನಿಮ್ಮ ಹಳೆಯ ರೇಜರಿಗೆ ಬಿಡಿ. ಅದರಲ್ಲಿ ಅವಮಾನವೇನೂ ಇಲ್ಲ. ಒಂದು ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ. ಬಾಯಿ ಚರ್ಮದ ಮೇಲಿರುವಾಗ ಅದರ ಉದ್ದಕ್ಕೆ, ಗರಗಸದಂತೆ, ಕೂದಲೆಳೆಯಷ್ಟೂ ಜರುಗಿಸಬಾರದು. ನೇರವಾಗಿ ಎಳೆದಾಗ ಹಿತವಾಗಿರುವ ಅದೇ ಬಾಯಿ ಅಡ್ಡ ಜಾರಿದರೆ ಆಳಕ್ಕೆ ಇಳಿಯುತ್ತದೆ. ಕತ್ತಿ ಕೈಜಾರಿ ಬೀಳುತ್ತಿದ್ದರೆ ಹಿಡಿಯಲು ಹೋಗಬೇಡಿ, ಬೀಳಲಿ; ಮುಕ್ಕಾದ ಬಾಯಿಯನ್ನು ಕಲ್ಲು ಸರಿಮಾಡುತ್ತದೆ. ಸಣ್ಣ ಗೀರುಗಳಿಗೆ ಒದ್ದೆ ಪಟಿಕ ಸಾಕು.

ನಮ್ಮ ಹಳ್ಳಿಗಳಲ್ಲಿ ಈ ವಿದ್ಯೆ ಒಂದು ಸಮುದಾಯದ ಕೈಯಲ್ಲಿತ್ತು. ಆಯಗಾರರಲ್ಲಿ ಒಬ್ಬನಾದ ಕ್ಷೌರಿಕ ಸುಗ್ಗಿಯಲ್ಲಿ ಕಣದ ಕಾಳನ್ನು ಪಡೆದು ವರ್ಷವಿಡೀ ಊರಿನ ತಲೆ ಗಡ್ಡ ನೋಡಿಕೊಳ್ಳುತ್ತಿದ್ದ. ಕತ್ತಿಯನ್ನು ಅಂಗೈಗೆ ಎಳೆದು ಹದ ಮಾಡುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿರುತ್ತೀರಿ; ಅಂಗೈಯ ತೊಗಲು ಪಟ್ಟಿಯ ಕೆಲಸವನ್ನೇ ಮಾಡುತ್ತದೆ, ಆದರೆ ಬೆನ್ನನ್ನು ಕ್ಷಣಕಾಲವೂ ಎತ್ತದ ಆ ಕೈಯ ಹಿಂದೆ ಬಾಲ್ಯದಿಂದ ಬಂದ ಅಭ್ಯಾಸವಿದೆ. ಆ ಕೌಶಲವನ್ನು ಬಳಸಿಕೊಂಡು ಆ ಕಸುಬಿನ ಹೆಸರನ್ನೇ ಬೈಗುಳವಾಗಿಸಿದವರು ನಾವು. ಮುಖದ ಮುಂದೆ ಇಂಥ ಕತ್ತಿ ಹಿಡಿದವನ ಕೈಗೆ ಕಣ್ಣು ಮುಚ್ಚಿ ಕುತ್ತಿಗೆ ಕೊಟ್ಟು, ಎದ್ದ ಮೇಲೆ ಅವನನ್ನು ಕೀಳೆಂದ ಸಮಾಜದ ವರ್ತನೆಗೆ ಯಾವ ಸಮರ್ಥನೆಯೂ ಇಲ್ಲ.

ಇಂದು ಸಲೂನುಗಳಲ್ಲಿ ನೀವು ಕಾಣುವುದು ಇದೇ ಆಕಾರದ, ಅರ್ಧ ಬ್ಲೇಡು ಸಿಕ್ಕಿಸುವ ಸಾಧನ. ಅದು ಸರಿಯಾದ ಬದಲಾವಣೆ. ಒಬ್ಬರ ರಕ್ತ ಇನ್ನೊಬ್ಬರ ಗೀರಿಗೆ ತಾಗಿದರೆ ಹೆಪಟೈಟಿಸ್ ಬಿ, ಸಿ ಹರಡಬಲ್ಲವು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಪತ್ತೆಯಾದ ನಂತರ ಆ ಅರಿವು ಜನರಲ್ಲಿ ಇನ್ನಷ್ಟು ಬಲವಾಯಿತು. ಗಿರಾಕಿಗೊಂದು ಹೊಸ ಬ್ಲೇಡು ಎಂಬುದರಲ್ಲಿ ರಾಜಿ ಇರಬಾರದು. ಮನೆಯಲ್ಲೂ ಈ ಕತ್ತಿ ಒಬ್ಬರದ್ದೇ ಆಗಿರಲಿ. ತಂದೆಯ ಕತ್ತಿಯನ್ನು ಮಗ ಎರವಲು ಪಡೆಯುವುದು ಬೇಡ. ಆದರೆ ಅರ್ಧ ಬ್ಲೇಡಿನ ಸಾಧನದಲ್ಲಿ ಅಭ್ಯಾಸ ಮಾಡಿ ಆಮೇಲೆ ಕತ್ತಿಗೆ ಬರುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. ಆ ಬ್ಲೇಡು ಬಿಗಿಯಾಗಿ, ಚುರುಕಾಗಿ ಕಚ್ಚುತ್ತದೆ, ಹಗುರವಾದ ಸಾಧನ ಕೈಗೆ ಸುಳಿವು ಕೊಡುವುದಿಲ್ಲ. ಅದು ಕತ್ತಿಗಿಂತ ಸುಲಭವಲ್ಲ. ಮನೆಗಳಿಂದ ಕತ್ತಿಯನ್ನು ಹೊರಗೆ ಹಾಕಿದ್ದು ಮಾತ್ರ ಬೇರೆಯೇ ಒಂದು ಬ್ಲೇಡು. ಕಿಂಗ್ ಜಿಲೆಟ್ ಎಂಬ ಅಮೆರಿಕದವನು ಬ್ಲೇಡು ಬದಲಿಸುವ ತನ್ನ ರೇಜರನ್ನು ಮಾರಾಟಕ್ಕಿಟ್ಟ ಮೊದಲ ವರ್ಷವಾದ 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು; ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಹೋದದ್ದು ಸುಮಾರು 35 ಲಕ್ಷ ರೇಜರು. ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರು ಮತ್ತೆ ಪಟ್ಟಿಯ ಮುಂದೆ ನಿಲ್ಲಲಿಲ್ಲ.

ಇನ್ನು ಜೋಪಾನ. ಈ ಉಕ್ಕು ಸ್ಟೇನ್‌ಲೆಸ್ ಅಲ್ಲ. ಕ್ಷೌರ ಮುಗಿದ ಕೂಡಲೇ ನೀರಿನಲ್ಲಿ ತೊಳೆದು, ಬೆನ್ನಿನಿಂದ ಬಾಯಿಯ ಕಡೆಗೆ ಮೆತ್ತನೆ ಬಟ್ಟೆಯಿಂದ ಒರೆಸಿ, ಬಟ್ಟೆಪಟ್ಟಿಯ ಮೇಲೆ ಕೆಲವು ಬಾರಿ ಎಳೆಯಿರಿ. ಬಾಯಿಯ ಸಂದಿನಲ್ಲಿ ಉಳಿದ ತೇವ ಅಲ್ಲಿ ಹೋಗುತ್ತದೆ. ಕೂಡಲೇ ಮಡಚಬೇಡಿ, ಅರ್ಧ ತೆರೆದು ಒಣಗಲು ಬಿಡಿ. ಸ್ನಾನದ ಮನೆಯಲ್ಲಿ ಇಡಲೇಬೇಡಿ. ಮಂಗಳೂರು, ಕಾರವಾರದ ಕಡೆಯವರು ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ಪ್ರತಿ ಸಲವೂ ಎಣ್ಣೆ ಸವರಿಡಬೇಕು. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು, ಅಲಗನ್ನು ಹಿಡಿಗೆ ಸೇರಿಸುವ ಮೊಳೆಯ ಸಂದಿಗೂ ಅರ್ಧ ಹನಿ. ತೊಗಲಿನ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ತೊಗಲು ಹೀರಿದ ತೇವ ಅಲಗಿಗೆ ದಾಟುತ್ತದೆ. ಕುದಿನೀರಿಗೆ ಹಾಕಿದರೆ ಕೊಂಬಿನ ಹಿಡಿ ಸೊಟ್ಟಗಾಗುತ್ತದೆ. ಶುದ್ಧಿಗೆ ಸ್ಪಿರಿಟ್ಟಿನಲ್ಲಿ ಒರೆಸಿ.

ಹಳೆಯ ಕತ್ತಿ ಕೊಳ್ಳುವವರಿಗೆ ಕೊನೆಯದಾಗಿ ಕೆಲವು ಮಾತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಕತ್ತಿ ಸಿಕ್ಕರೆ ಹಿಡಿಯ ಬಣ್ಣಕ್ಕೆ ಮರುಳಾಗದೆ ಮೊದಲು ಬೆನ್ನನ್ನು ನೋಡಿ. ಮಸೆದು ಚಪ್ಪಟೆಯಾದ ಗೆರೆ ಎರಡೂ ಮಗ್ಗುಲಲ್ಲಿ ತೆಳುವಾಗಿ, ಸಮನಾಗಿ ಇದ್ದರೆ ಹಿಂದಿನವರು ಬಲ್ಲವರು. ಒಂದು ತುದಿಯಲ್ಲಿ ಅಗಲ, ಮತ್ತೊಂದರಲ್ಲಿ ಕಿರಿದು ಇದ್ದರೆ ಬಾಯಿಯೂ ವಕ್ರವಾಗಿರುತ್ತದೆ, ಅದನ್ನು ಸರಿಮಾಡಲು ಬಹಳ ಉಕ್ಕನ್ನು ಕಳೆದುಕೊಳ್ಳಬೇಕು. ಅಲಗಿನ ನಡುಭಾಗದ ತುಕ್ಕು ನೋಡಲು ಕೆಟ್ಟದಾದರೂ ತೊಂದರೆಯಿಲ್ಲ, ಬಾಯಿಗೆ ತಾಗಿದ ಗುಳಿತುಕ್ಕು ಬೇಡ. ಬಾಯಿಯ ಉದ್ದಕ್ಕೂ ಬೆಳಕಿಗೆ ಹಿಡಿದು ಕೂದಲೆಳೆಯಂಥ ಬಿರುಕನ್ನು ಹುಡುಕಿ. ಬಿರುಕಿದ್ದರೆ ಬೆಲೆ ಎಷ್ಟೇ ಕಡಿಮೆಯಾದರೂ ಅಲ್ಲೇ ಬಿಟ್ಟು ಬನ್ನಿ. ಹಿಡಿ ಸೆಲ್ಯುಲಾಯ್ಡಿನದಾಗಿದ್ದು, ಮಡಚಿದಾಗ ಅಲಗು ಕೂರುವ ಜಾಗದ ಎದುರಿಗೇ ತುಕ್ಕಿನ ಮಚ್ಚೆಗಳಿದ್ದು, ಮೂಗಿಗೆ ಕರ್ಪೂರ ಅಥವಾ ಹುಳಿ ವಾಸನೆ ಬಂದರೆ, ಆ ಸೆಲ್ಯುಲಾಯ್ಡು ಒಳಗಿಂದ ಕೊಳೆಯುತ್ತ ಆಮ್ಲದ ಹಬೆ ಬಿಡುತ್ತಿದೆ ಎಂದರ್ಥ. ಅಂಥ ಕತ್ತಿ ಕೊಂಡರೂ ಉಳಿದ ಕತ್ತಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಮೊದಲು ಮೊಳೆ ಬಿಡಿಸಿ, ಆ ಹಿಡಿಯನ್ನು ತೆಗೆದು, ಮರದ ಅಥವಾ ಕೊಂಬಿನ ಹೊಸ ಹಿಡಿ ಹಾಕಿಸಿ, ಆಮೇಲೆ ಕಲ್ಲಿನ ಮುಂದೆ ಕೂರಿ.